ಒಲೆ ಹಚ್ಚದ ಅಡುಗೆ

ಅಡುಗೆ ಎಂಬ ಮಾತಿನೊಳಗೇ ಬೆಂಕಿ ಅಡಗಿದೆ. 'ಅಡು' ಎಂದರೆ ಬೇಯಿಸು ಎಂದರ್ಥ. 'ಅಟ್ಟ ಮೇಲೆ ಒಲೆ ಉರಿಯಿತು' ಎಂಬ ಗಾದೆಯಲ್ಲಿ ಇಂದಿಗೂ ಉಳಿದುಕೊಂಡಿರುವುದು ಅದೇ ಧಾತು. ಆದುದರಿಂದ ಒಲೆ ಹಚ್ಚದೆ ಮಾಡಿದ ಅಡುಗೆ ಎಂಬುದು ಮಾತಿನ ಮಟ್ಟಿಗೆ ವಿಚಿತ್ರವಾಗಿ ತೋರಬಹುದು. ಆದರೂ ಅಂಥ ಅಡುಗೆ ಕನ್ನಡನಾಡಿನ ಮನೆಗಳಿಗೆ ಹೊಸದಲ್ಲ. ರಾಮನವಮಿಯ ದಿನ ಹಂಚುವ ಪಾನಕಕ್ಕೆ ಒಲೆ ಬೇಡ, ಕೋಸಂಬರಿಗೂ ಬೇಡ. ಹೆಸರುಬೇಳೆ ನೀರಿನಲ್ಲಿ ನೆನೆದು ತಾನಾಗಿಯೇ ಮೆತ್ತಗಾಗುತ್ತದೆ. ಅದಕ್ಕೆ ಹೆಚ್ಚಿದ ಸೌತೆಕಾಯಿ, ತೆಂಗಿನತುರಿ, ಕೊತ್ತಂಬರಿ ಸೊಪ್ಪು, ನಿಂಬೆಯ ರಸ ಸೇರಿದರೆ ಆಯಿತು. ಒಗ್ಗರಣೆ ಬೇಕೇ ಬೇಕು ಎನ್ನುವವರು ಮಾತ್ರ ಒಲೆಯ ಕಡೆಗೆ ಹೋಗಬೇಕು. ಮೊಸರಿನಲ್ಲಿ ಕಲಸಿದ ಅವಲಕ್ಕಿಯೂ ಇದೇ ಜಾತಿಯದು. ಬಹಳ ಹಳೆಯದಾದ ಈ ಪಂಕ್ತಿಗೆ ಬಹಳ ತಡವಾಗಿ ಬಂದು ಕುಳಿತ ಒಂದು ತಿನಿಸೆಂದರೆ ಸ್ಯಾಂಡ್‌ವಿಚ್ಚು.

ತಂದೆತಾಯಿಗಳಿಬ್ಬರೂ ಹೊರಗೆ ದುಡಿಯುವ ಮನೆಗಳು ಇಂದು ಊರೂರಿನಲ್ಲಿಯೂ ಇವೆ. ಅಂಥ ಒಂದು ಮನೆಯಲ್ಲಿ ಸಂಜೆ ನಾಲ್ಕೂವರೆಯ ಹೊತ್ತಿಗೆ ಏನು ನಡೆಯುತ್ತದೆಂಬುದನ್ನು ಊಹಿಸುವುದು ಕಷ್ಟವಲ್ಲ. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಬೀಗ ತೆಗೆದು ಒಳಗೆ ಬರುತ್ತಾನೆ. ಅವನ ಹಿಂದೆಯೇ ಮೂರನೆಯ ತರಗತಿಯ ತಂಗಿ. ಪುಸ್ತಕದ ಚೀಲ ಕೆಳಗಿಡುವ ಮೊದಲೇ ಅವಳ ಬಾಯಿಂದ ಬರುವ ಮಾತು, "ಅಣ್ಣಾ, ಹಸಿವು." ತಾಯಿ ಬರುವುದು ಆರೂವರೆಗೆ. ದೊಡ್ಡವರಿಲ್ಲದಾಗ ಗ್ಯಾಸ್ ಒಲೆಯನ್ನು ಮುಟ್ಟಕೂಡದೆಂದು ಮನೆಯಲ್ಲಿ ಕಟ್ಟಪ್ಪಣೆಯಾಗಿದೆ. ಆ ಅಪ್ಪಣೆ ಸರಿಯಾದದ್ದೇ. ಇದರ ಜೊತೆಗೆ ಹುಡುಗನ ಮನಸ್ಸಿನಲ್ಲಿ, ಅಡುಗೆಮನೆ ತನಗೆ ಸಂಬಂಧಪಟ್ಟ ಜಾಗವಲ್ಲವೆಂಬ ಭಾವನೆ ಯಾರೂ ಕಲಿಸದೆಯೇ ಬೇರೂರಿರುತ್ತದೆ. ಆ ಭಾವನೆಗೆ ಆಧಾರವೇನೂ ಇಲ್ಲ. ದಿನವಿಡೀ ದುಡಿದು ಬಂದ ತಾಯಿ ಚಪ್ಪಲಿ ಬಿಟ್ಟ ಕೂಡಲೇ ಒಲೆಯ ಮುಂದೆ ನಿಲ್ಲುವಂತೆ ಮಾಡುವುದೊಂದೇ ಅದರ ಫಲ.

ಮನೆಯಲ್ಲಿ ಒಂದು ಪೌಂಡು ಬ್ರೆಡ್ಡು, ಬೆಣ್ಣೆ, ಎರಡು ಸೌತೆಕಾಯಿ, ಟೊಮ್ಯಾಟೊ, ಈರುಳ್ಳಿ, ಒಂದು ಕಟ್ಟು ಕೊತ್ತಂಬರಿ ಸೊಪ್ಪು ಇದ್ದರೆ ಈ ಹುಡುಗನು ಒಲೆ ಮುಟ್ಟದೆ ತಂಗಿಗೆ ಹೊಟ್ಟೆ ತುಂಬ ಕೊಡಬಲ್ಲನು. ಮುಂಬಯಿಯ ಬೀದಿಗಳಲ್ಲಿ ಸ್ಯಾಂಡ್‌ವಿಚ್ ಮಾರುವವರು ದಿನವೂ ಮಾಡುವುದು ಇದನ್ನೇ. ಅವರು ಇವುಗಳ ಜೊತೆಗೆ ಬೇಯಿಸಿದ ಆಲೂಗಡ್ಡೆಯನ್ನೂ ಬೀಟ್‌ರೂಟನ್ನೂ ಬಿಲ್ಲೆ ಮಾಡಿ ಇಡುತ್ತಾರೆ. ಆ ಎರಡನ್ನು ಬಿಟ್ಟರೆ ಉಳಿದದ್ದಕ್ಕೆ ಬೆಂಕಿಯ ಹಂಗಿಲ್ಲ.

ಹೆಸರು ಮಾತ್ರ ಇಂಗ್ಲೆಂಡಿನದು. ಕೆಂಟ್ ಪ್ರಾಂತದಲ್ಲಿ ಸ್ಯಾಂಡ್‌ವಿಚ್ ಎಂಬ ಊರಿದೆ. ಆ ಊರಿನ ಹೆಸರನ್ನು ಬಿರುದಾಗಿ ಪಡೆದ ಮನೆತನದ ನಾಲ್ಕನೆಯ ಅರ್ಲ್ ಜಾನ್ ಮಾಂಟೆಗ್ಯು (1718–1792) ಬ್ರಿಟಿಷ್ ನೌಕಾದಳದ ಆಡಳಿತದ ಮುಖ್ಯಸ್ಥನಾಗಿದ್ದವನು. ನಾವಿಕ ಜೇಮ್ಸ್ ಕುಕ್ 1778ರಲ್ಲಿ ಹವಾಯಿ ದ್ವೀಪಗಳಿಗೆ ಇವನ ಹೆಸರನ್ನೇ ಇಟ್ಟಿದ್ದನು. ದ್ವೀಪಗಳು ಆ ಹೆಸರನ್ನು ಕಳಚಿಹಾಕಿದವು, ತಿನಿಸು ಉಳಿಸಿಕೊಂಡಿತು. ಜೂಜಿನ ಮೇಜನ್ನು ಬಿಟ್ಟೇಳಲು ಮನಸ್ಸಿಲ್ಲದೆ ಈತನು ಎರಡು ಬ್ರೆಡ್ಡಿನ ತುಂಡುಗಳ ನಡುವೆ ಮಾಂಸವಿರಿಸಿ ತರಿಸಿಕೊಂಡನೆಂಬ ಕಥೆಯನ್ನು ಆ ಕಾಲದ ಫ್ರೆಂಚ್ ಪ್ರವಾಸಿಯೊಬ್ಬ ಬರೆದಿಟ್ಟಿದ್ದಾನೆ. ಕಚೇರಿಯ ಕೆಲಸದ ಮೇಜಿನ ಮುಂದೆ ಕುಳಿತಲ್ಲೇ ತಿನ್ನಲು ತರಿಸಿಕೊಂಡಿರಬೇಕೆಂದು ಅವನ ಜೀವನಚರಿತ್ರೆಯನ್ನು ಬರೆದವರು ವಾದಿಸುತ್ತಾರೆ. ಯಾವುದು ನಿಜವಾದರೂ, ಒಂದು ಕೈಯಲ್ಲಿ ಹಿಡಿದು ತಿನ್ನಬಹುದಾದ, ತಟ್ಟೆ ಬೇಡದ ಊಟ ಅವನಿಗೆ ಬೇಕಾಗಿತ್ತು. ಬೆಣ್ಣೆ ಸವರಿದ ತೆಳುವಾದ ಬ್ರೆಡ್ಡಿನ ನಡುವೆ ಸೌತೆಕಾಯಿಯ ಬಿಲ್ಲೆಗಳನ್ನಿಡುವ ಸಸ್ಯಾಹಾರದ ಬಗೆ ಮುಂದೆ ಆಂಗ್ಲರ ಸಂಜೆಯ ಚಹದೊಡನೆ ಬೆಳೆದುಬಂತು.

ಭಾರತದಲ್ಲಿ ಹುದುಗು ಬರಿಸಿ ಭಟ್ಟಿಯಲ್ಲಿ ಸುಟ್ಟ ಪಾವ್ ರೊಟ್ಟಿಯನ್ನು ರೂಢಿಗೆ ತಂದವರು ಗೋವೆಗೆ ಬಂದ ಪೋರ್ಚುಗೀಸರು. ಅಲ್ಲಿ ಹಿಟ್ಟನ್ನು ಹುದುಗಿಸಲು ಕಳ್ಳನ್ನು ಬಳಸುತ್ತಿದ್ದರು. ಬೆಂಗಳೂರಿನಲ್ಲಿ ಬ್ರೆಡ್ಡನ್ನು ಸಸ್ಯಾಹಾರಿಗಳ ಮನೆಯೊಳಗೆ ತಂದ ಕೀರ್ತಿ ಬಹುಮಟ್ಟಿಗೆ ಹಾಸನ ಜಿಲ್ಲೆಯ ಕಡೆಯಿಂದ ಬಂದು ಬೇಕರಿಗಳನ್ನು ತೆರೆದ ಅಯ್ಯಂಗಾರ್ ಕುಟುಂಬಗಳದು. ಮೊಟ್ಟೆ ಮುಟ್ಟದೆ ಬ್ರೆಡ್ಡು, ಬನ್ನು, ಬಿಸ್ಕತ್ತುಗಳನ್ನು ಮಾಡಿ ಅವರು ಜನರ ಸಂಕೋಚವನ್ನು ಕಳೆದರು. ಅಷ್ಟಾದರೂ ಬಹುಕಾಲದವರೆಗೆ ಬ್ರೆಡ್ಡು ರೋಗಿಯ ಆಹಾರವಾಗಿಯೇ ಇತ್ತು. ಮನೆಗೆ ಬ್ರೆಡ್ಡು ಬಂದಿತೆಂದರೆ ಯಾರಿಗೋ ಜ್ವರ ಬಂದಿದೆಯೆಂದು ನೆರೆಹೊರೆಯವರು ತಿಳಿಯುತ್ತಿದ್ದರು. ಬ್ರೆಡ್ಡನ್ನು ಹಾಲಿನಲ್ಲಿ ಅದ್ದಿ ತಿನ್ನಿಸುತ್ತಿದ್ದುದು ಮುಖ್ಯವಾಗಿ ವಾರಗಟ್ಟಲೆ ಬಿಡದ ಜ್ವರದಲ್ಲಿ. ವೈದ್ಯರು ಅದನ್ನು ವಿಷಮಶೀತ ಜ್ವರ ಎಂದೂ ಟೈಫಾಯ್ಡ್ ಎಂದೂ ಕರೆಯುತ್ತಿದ್ದರು.

ಈ ಜ್ವರದ ಮಾತು ಇಲ್ಲಿ ಸುಮ್ಮನೆ ಬಂದುದಲ್ಲ. ಬೆಂಕಿ ಅಡುಗೆಯಲ್ಲಿ ಎರಡು ಕೆಲಸಗಳನ್ನು ಮಾಡುತ್ತದೆ. ಗಟ್ಟಿಯಾದುದನ್ನು ಮೆತ್ತಗೆ ಮಾಡಿ ರುಚಿ ಕೊಡುವುದು ಎಲ್ಲರಿಗೂ ಕಾಣುವ ಕೆಲಸ. ನೀರಿನಿಂದ, ಮಣ್ಣಿನಿಂದ, ಅಡುಗೆ ಮಾಡುವವರ ಕೈಯಿಂದ ಬಂದು ಸೇರಿದ ರೋಗಾಣುಗಳನ್ನು ಕೊಲ್ಲುವುದು ಯಾರಿಗೂ ಕಾಣದ ಕೆಲಸ. ಸೊಪ್ಪನ್ನು ಅರೆಬರೆ ತೊಳೆದು ಹುಳಿಗೆ ಹಾಕಿದರೂ, ಕುದಿಯುವ ಹುಳಿ ಆ ತಪ್ಪನ್ನು ಮುಚ್ಚಿಕೊಳ್ಳುತ್ತದೆ. ಹಸಿಯಾಗಿ ತಿನ್ನುವ ಪದಾರ್ಥಕ್ಕೆ ಈ ರಕ್ಷಣೆಯಿಲ್ಲ. ಒಲೆ ಹಚ್ಚದ ಅಡುಗೆ ಸುಲಭವೆಂಬ ಮಾತಿನಲ್ಲಿ ಸತ್ಯವಿದೆ; ಅದು ಹಗುರವಾದ ಕೆಲಸವೆಂಬ ಮಾತು ಮಾತ್ರ ಪೂರ್ತಿ ತಪ್ಪು. ಈ ವ್ಯತ್ಯಾಸವನ್ನು ಜಗತ್ತಿಗೆ ತೋರಿಸಿಕೊಟ್ಟ ಒಂದು ಘಟನೆ 1906ರಲ್ಲಿ ಅಮೆರಿಕದಲ್ಲಿ ನಡೆಯಿತು.

ನ್ಯೂಯಾರ್ಕ್ ನಗರದ ಸಮೀಪದ ಆಯಿಸ್ಟರ್ ಬೇ ಎಂಬ ಸಮುದ್ರತೀರದ ಊರಿನಲ್ಲಿ ಸಿರಿವಂತನೊಬ್ಬನು ಬೇಸಿಗೆಗೆಂದು ಮನೆ ಹಿಡಿದಿದ್ದನು. ಆಗಸ್ಟ್ ತಿಂಗಳ ಕೊನೆಗೆ ಆ ಮನೆಯಲ್ಲಿದ್ದ ಹನ್ನೊಂದು ಜನರಲ್ಲಿ ಆರು ಮಂದಿಗೆ ಟೈಫಾಯ್ಡ್ ತಗುಲಿತು. ಕೊಳಕು ಕೇರಿಗಳ ರೋಗವೆಂದು ಜನ ತಿಳಿದಿದ್ದ ಕಾಯಿಲೆ ಇಂಥ ಮನೆಗೆ ಹೇಗೆ ಬಂದಿತು? ನೀರನ್ನು ಪರೀಕ್ಷಿಸಿದರು, ಹಾಲನ್ನು ಪರೀಕ್ಷಿಸಿದರು; ದೋಷ ಕಾಣಲಿಲ್ಲ. ಕೊನೆಗೆ ನೈರ್ಮಲ್ಯದ ಎಂಜಿನಿಯರಾದ ಜಾರ್ಜ್ ಸೋಪರ್ ಎಂಬಾತನನ್ನು ಕರೆಸಿದರು. ರೋಗ ಕಾಣಿಸಿಕೊಳ್ಳುವುದಕ್ಕೆ ಮೂರು ವಾರಗಳಷ್ಟು ಮೊದಲು ಆ ಮನೆಗೆ ಹೊಸ ಅಡುಗೆಯಾಕೆ ಬಂದಿದ್ದಳೆಂಬುದೂ ಅನಂತರ ಕೆಲಸ ಬಿಟ್ಟು ಹೋಗಿದ್ದಳೆಂಬುದೂ ಅವನಿಗೆ ತಿಳಿಯಿತು. ಆಕೆ ಐರ್ಲೆಂಡಿನಿಂದ ಬಂದ ಮೇರಿ ಮ್ಯಾಲನ್. ಒಳ್ಳೆಯ ಅಡುಗೆಯವಳೆಂದು ಹೆಸರಾದವಳು.

ಸೋಪರನಿಗೆ ಒಂದು ತೊಡಕು ಎದುರಾಯಿತು. ಮೇರಿ ಮಾಡುತ್ತಿದ್ದ ಅಡುಗೆಯೆಲ್ಲ ಒಲೆಯ ಮೇಲೆ ಬೆಂದದ್ದು. ಬೆಂದ ಅಡುಗೆಯಲ್ಲಿ ರೋಗಾಣು ಬದುಕಲಾರದು. ಹಾಗಾದರೆ ಅದು ಆಕೆಯ ಕೈಯಿಂದ ಮನೆಯವರ ಹೊಟ್ಟೆಗೆ ಹೋದುದು ಹೇಗೆ? ಮತ್ತೆ ವಿಚಾರಿಸಿದಾಗ, ಒಂದು ದಿನ ಆಕೆ ಐಸ್‌ಕ್ರೀಮ್ ಮಾಡಿ ಅದರಲ್ಲಿ ಪೀಚ್ ಹಣ್ಣುಗಳನ್ನು ಹಸಿಯಾಗಿಯೇ ಹೆಚ್ಚಿ ಹಾಕಿದ್ದಳೆಂದು ತಿಳಿದುಬಂತು. ಎಲ್ಲರೂ ಮೆಚ್ಚಿ ತಿಂದಿದ್ದರಂತೆ. ಬೆಂಕಿಯ ಮುಂದೆ ಹಾಯದೆ, ಕೈಯಿಂದ ನೇರವಾಗಿ ಬಟ್ಟಲಿಗೆ ಬಂದ ತಿನಿಸು ಅದಾಗಿತ್ತು. ಆಕೆ ಹಿಂದೆ ಕೆಲಸ ಮಾಡಿದ್ದ ಮನೆಗಳನ್ನು ಸೋಪರ್ ಹುಡುಕಿಕೊಂಡು ಹೋದನು. ಎಂಟು ಮನೆಗಳಲ್ಲಿ ಏಳರಲ್ಲಿ ಟೈಫಾಯ್ಡ್ ಬಂದಿತ್ತು.

ಮೇರಿಗೆ ಮೈಯಲ್ಲಿ ಯಾವ ಬಾಧೆಯೂ ಇರಲಿಲ್ಲ. ಗಟ್ಟಿಮುಟ್ಟಾದ ಹೆಂಗಸು. ರೋಗದ ಲಕ್ಷಣವಿಲ್ಲದೆ ರೋಗಾಣುವನ್ನು ಹೊತ್ತು ತಿರುಗುವವರು ಉಂಟೆಂಬುದು ಆ ಕಾಲಕ್ಕೆ ಸಾಮಾನ್ಯ ಜನರು ಕೇಳಿರದ ಮಾತು. ನಿನ್ನಿಂದ ಕಾಯಿಲೆ ಹರಡುತ್ತಿದೆಯೆಂದು ಸೋಪರ್ ಹೇಳಿದಾಗ ಆಕೆ ಅಡುಗೆಮನೆಯ ದೊಡ್ಡ ಮುಳ್ಳುಚಮಚವನ್ನು ಹಿಡಿದು ಅವನನ್ನು ಅಟ್ಟಿಸಿಕೊಂಡು ಬಂದಳು. 1907ರಲ್ಲಿ ಅಧಿಕಾರಿಗಳು ಆಕೆಯನ್ನು ಬಲವಂತವಾಗಿ ಹಿಡಿದು ನದಿಯ ನಡುವಿನ ದ್ವೀಪವೊಂದರಲ್ಲಿರಿಸಿದರು. ಇನ್ನು ಮುಂದೆ ಅಡುಗೆಯ ಕೆಲಸ ಮಾಡುವುದಿಲ್ಲವೆಂದು ಮಾತು ಕೊಟ್ಟ ಮೇಲೆ 1910ರಲ್ಲಿ ಬಿಟ್ಟರು. ಬಟ್ಟೆ ಒಗೆಯುವ ಕೆಲಸದಲ್ಲಿ ಹೊಟ್ಟೆ ತುಂಬಲಿಲ್ಲ. ಆಕೆ ಹೆಸರು ಬದಲಾಯಿಸಿಕೊಂಡು ಮತ್ತೆ ಅಡುಗೆಗೆ ನಿಂತಳು. 1915ರಲ್ಲಿ ಹೆರಿಗೆಯ ಆಸ್ಪತ್ರೆಯೊಂದರಲ್ಲಿ ಇಪ್ಪತ್ತೈದು ಮಂದಿಗೆ ಜ್ವರ ಬಂದು ಇಬ್ಬರು ಸತ್ತರು. ಅಲ್ಲಿಯ ಅಡುಗೆಯಾಕೆ ಮೇರಿಯೇ. ಆಕೆಯನ್ನು ಪುನಃ ದ್ವೀಪಕ್ಕೆ ಕಳಿಸಿದರು. 1938ರಲ್ಲಿ ಸಾಯುವವರೆಗೂ ಆಕೆ ಅಲ್ಲಿಂದ ಬಿಡುಗಡೆ ಹೊಂದಲಿಲ್ಲ. ತನ್ನ ಕೈಯಿಂದ ರೋಗ ಹರಡಿತೆಂಬುದನ್ನು ಆಕೆ ಕೊನೆಯವರೆಗೂ ಒಪ್ಪಲಿಲ್ಲ. ಅದೇ ಬಗೆಯ ಇತರ ರೋಗವಾಹಕರನ್ನು ಸರ್ಕಾರ ಹೀಗೆ ಜೀವಾವಧಿ ಕೂಡಿಹಾಕಲಿಲ್ಲವಾದ್ದರಿಂದ, ಬಡವಳೂ ಒಂಟಿಯೂ ಆದ ಈ ಹೆಂಗಸಿಗೆ ನ್ಯಾಯ ದೊರೆಯಿತೆಂದು ಹೇಳುವುದು ಕಷ್ಟ. ಆದರೆ ಸತ್ತವರು ಸತ್ತದ್ದು ನಿಜ. ಆಕೆಯ ಕೈ ಕಣ್ಣಿಗೆ ಶುಭ್ರವಾಗಿಯೇ ಕಾಣುತ್ತಿದ್ದಿರಬೇಕು.

ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಆಹಾರದ ಸುರಕ್ಷತೆಗಾಗಿ ಐದು ಸೂತ್ರಗಳನ್ನು ಪ್ರಕಟಿಸಿತು. ಶುಚಿತ್ವ, ಹಸಿಯದನ್ನೂ ಬೆಂದದ್ದನ್ನೂ ಬೇರೆಬೇರೆ ಇಡುವುದು, ಚೆನ್ನಾಗಿ ಬೇಯಿಸುವುದು, ಸರಿಯಾದ ಉಷ್ಣತೆಯಲ್ಲಿ ಕಾಪಾಡುವುದು, ಒಳ್ಳೆಯ ನೀರನ್ನೂ ಒಳ್ಳೆಯ ಪದಾರ್ಥಗಳನ್ನೂ ಬಳಸುವುದು ಎಂಬುವೇ ಆ ಐದು. ಒಲೆ ಹಚ್ಚದ ಅಡುಗೆಯಲ್ಲಿ ಇವುಗಳ ಪೈಕಿ ಮೂರನೆಯದು ಇಲ್ಲವೇ ಇಲ್ಲ. ಅದರ ಭಾರವೆಲ್ಲ ಉಳಿದವುಗಳ ಮೇಲೆ, ಎಂದರೆ ಆ ಹುಡುಗನ ಎರಡು ಕೈಗಳ ಮೇಲೆ ಬೀಳುತ್ತದೆ.

ಹೀಗಾಗಿ ಕೆಲಸ ತೊಡಗುವುದು ಬಚ್ಚಲಿನಲ್ಲಿ. ಶಾಲೆಯಿಂದ ಬಂದ ಕೈಗೆ ಸೀಮೆಸುಣ್ಣ, ಚೆಂಡಿನ ಮಣ್ಣು, ಬಸ್ಸಿನ ಕಂಬಿಯ ಕೊಳೆ ಅಂಟಿರುತ್ತದೆ. ಬರಿಯ ನೀರು ಸಾಲದು. ಸೋಪು ಹಚ್ಚಿ ಅಂಗೈ, ಮುಂಗೈ, ಬೆರಳ ಸಂದು, ಉಗುರಿನ ಅಡಿ ಇಷ್ಟನ್ನೂ ಇಪ್ಪತ್ತು ಸೆಕೆಂಡಾದರೂ ಉಜ್ಜಬೇಕು. ಭೇದಿಯೋ ವಾಂತಿಯೋ ಆಗುತ್ತಿರುವವರು ಅಂದು ಇನ್ನೊಬ್ಬರಿಗಾಗಿ ಇಂಥ ತಿನಿಸನ್ನು ಮಾಡಲೇಬಾರದು. ಬೆರಳಿನಲ್ಲಿ ಗಾಯವಿದ್ದರೆ ಅದನ್ನು ಚೆನ್ನಾಗಿ ಕಟ್ಟಿಕೊಳ್ಳಬೇಕು.

ಅನಂತರ ತರಕಾರಿ. ಸಿಪ್ಪೆ ತೆಗೆಯುವ ಸೌತೆಕಾಯಿಯನ್ನು ತೊಳೆಯುವುದೇಕೆ ಎಂದು ಹಲವರು ಕೇಳುವುದುಂಟು. ಚಾಕು ಸಿಪ್ಪೆಯನ್ನು ಕೊಯ್ಯುವಾಗ ಹೊರಗಿನ ಕೊಳೆಯನ್ನು ಒಳಗಿನ ತಿರುಳಿಗೆ ಒಯ್ಯುತ್ತದೆಂಬುದೇ ಅದಕ್ಕೆ ಉತ್ತರ. ಸೌತೆಕಾಯಿ, ಟೊಮ್ಯಾಟೊಗಳನ್ನು ಹರಿಯುವ ನೀರಿನಲ್ಲಿ ಕೈಯಿಂದ ಉಜ್ಜಿ ತೊಳೆದು ಒಗೆದ ಬಟ್ಟೆಯಲ್ಲಿ ಒರೆಸಬೇಕು. ಕೊತ್ತಂಬರಿ ಸೊಪ್ಪಿಗೆ ಇಷ್ಟು ಸಾಲದು. ನೆಲಕ್ಕೆ ಹತ್ತಿರವಾಗಿ ಬೆಳೆಯುವ ಸೊಪ್ಪಾದುದರಿಂದ ದಂಟಿನ ಬುಡದಲ್ಲಿ ಮಣ್ಣು ನಿಂತಿರುತ್ತದೆ. ಅದರೊಡನೆ ಜಂತುಹುಳುವಿನ ಮೊಟ್ಟೆಗಳೂ ಇರಬಹುದು. ಅಗಲವಾದ ಪಾತ್ರೆಯ ತುಂಬ ನೀರಿಟ್ಟು, ಬೇರು ಕತ್ತರಿಸಿದ ಸೊಪ್ಪನ್ನು ಅದರಲ್ಲಿ ಮುಳುಗಿಸಿ ಅಲುಗಿಸಿ, ಸೊಪ್ಪನ್ನೇ ಮೇಲಕ್ಕೆತ್ತಿಕೊಳ್ಳಬೇಕು. ನೀರನ್ನು ಬಗ್ಗಿಸಿದರೆ ತಳಕ್ಕಿಳಿದ ಮಣ್ಣು ಮತ್ತೆ ಸೊಪ್ಪಿನ ಮೇಲೆಯೇ ಬೀಳುತ್ತದೆ. ಪಾತ್ರೆಯ ತಳದಲ್ಲಿ ಮರಳಿನ ಕಣವೂ ಕಾಣದಾಗುವವರೆಗೆ ಮೂರು ನಾಲ್ಕು ಬಾರಿ ಹೀಗೆ ಮಾಡುವುದು ಅವಶ್ಯ. ನಲ್ಲಿಯ ನೀರು ಕುಡಿಯಲು ತಕ್ಕದ್ದಲ್ಲದ ಊರುಗಳಲ್ಲಿ ಕೊನೆಯ ಸಲದ ತೊಳೆತಕ್ಕೆ ಕುದಿಸಿ ಆರಿಸಿದ ನೀರನ್ನೋ ಶೋಧಿಸಿದ ನೀರನ್ನೋ ಬಳಸಬೇಕು. ಬೆಳಿಗ್ಗೆ ತಾಯಿ ಕುದಿಸಿಟ್ಟುಹೋದ ಬಿಂದಿಗೆಯ ನೀರು ಇಲ್ಲಿ ಒದಗುತ್ತದೆ.

ಚಟ್ನಿಗೆ ಒಂದು ಹಿಡಿ ಕೊತ್ತಂಬರಿ, ಹತ್ತು ಎಲೆ ಪುದೀನ, ಖಾರಕ್ಕೆ ತಕ್ಕಂತೆ ಒಂದೆರಡು ಹಸಿಮೆಣಸಿನಕಾಯಿ, ಒಂದು ದೊಡ್ಡ ಚಮಚ ಹುರಿಗಡಲೆ, ಅರ್ಧ ನಿಂಬೆಹಣ್ಣಿನ ರಸ, ಉಪ್ಪು. ಕುಟ್ಟಾಣಿಯಲ್ಲಿ ಕುಟ್ಟಿದರೂ ಸರಿ, ಮಿಕ್ಸಿಯಲ್ಲಿ ರುಬ್ಬಿದರೂ ಸರಿ. ನೀರು ಆದಷ್ಟು ಕಡಮೆಯಿರಬೇಕು, ಕುಡಿಯುವ ನೀರೇ ಆಗಿರಬೇಕು. ಹುರಿಗಡಲೆ ರುಚಿಗೆ ಮಾತ್ರವೆಂದು ತಿಳಿಯಬಾರದು. ಅದು ನೀರನ್ನು ಹೀರಿಕೊಂಡು ಚಟ್ನಿಯನ್ನು ಬೆಣ್ಣೆಯಂತೆ ಸವರಲು ಬರುವಷ್ಟು ಗಟ್ಟಿ ಮಾಡುತ್ತದೆ. ಇಡ್ಲಿಗೆ ಮಾಡುವಂಥ ನೀರು ಚಟ್ನಿಯನ್ನು ಬ್ರೆಡ್ಡಿಗೆ ಹಚ್ಚಿದರೆ ತಂಗಿಯ ಕೈಗೆ ಬರುವುದು ಹಸಿರು ಮುದ್ದೆ.

ಮಾಡುವವರಲ್ಲಿ ಬಹುಪಾಲು ಜನ ಸೋಲುವುದು ಈ ನೀರಿನ ವಿಷಯದಲ್ಲಿಯೇ. ಸೌತೆಕಾಯಿಯ ತೂಕದಲ್ಲಿ ನೂರಕ್ಕೆ ತೊಂಬತ್ತೈದರಷ್ಟು ನೀರು. ಟೊಮ್ಯಾಟೊ ಅದಕ್ಕಿಂತ ಹೆಚ್ಚೇನೂ ಹಿಂದೆ ಬಿದ್ದಿಲ್ಲ. ಬ್ರೆಡ್ಡಾದರೋ ರಂಧ್ರಮಯವಾದ ಪದಾರ್ಥ. ಯೀಸ್ಟ್ ಎಂಬ ಸೂಕ್ಷ್ಮಜೀವಿ ಹಿಟ್ಟಿನಲ್ಲಿ ಇಂಗಾಲದ ಡೈಆಕ್ಸೈಡನ್ನು ಬಿಟ್ಟು ಉಬ್ಬಿಸಿದ ಗುಳ್ಳೆಗಳೇ ಭಟ್ಟಿಯ ಕಾವಿನಲ್ಲಿ ಗಟ್ಟಿಯಾಗಿ ನಿಂತು ಆ ರಂಧ್ರಗಳಾಗಿವೆ. ಅವು ನೀರನ್ನು ಸ್ಪಂಜಿನಂತೆ ಹೀರುತ್ತವೆ. ಇವೆರಡರ ನಡುವೆ ಗೋಡೆಯಾಗಿ ನಿಲ್ಲಬಲ್ಲದ್ದು ಬೆಣ್ಣೆ. ಅಂಗಡಿಯ ಬೆಣ್ಣೆಯಲ್ಲಿ ನೂರಕ್ಕೆ ಎಂಬತ್ತು ಭಾಗ ಜಿಡ್ಡು. ಜಿಡ್ಡು ನೀರನ್ನು ಒಳಬಿಡುವುದಿಲ್ಲ. ಹೀಗಾಗಿ ಬೆಣ್ಣೆಯನ್ನು ನಡುವೆ ಒಂದು ಮುದ್ದೆಯಾಗಿ ಮೆತ್ತದೆ, ಎರಡು ತುಂಡುಗಳಿಗೂ, ಅಂಚಿನವರೆಗೂ, ಒಂದೇ ಸಮನಾಗಿ ತೆಳ್ಳಗೆ ಸವರಬೇಕು. ಬೆಣ್ಣೆ ಗಟ್ಟಿಯಾಗಿದ್ದರೆ ಬ್ರೆಡ್ಡು ಹರಿಯುತ್ತದೆ. ಅರ್ಧ ಗಂಟೆ ಮೊದಲೇ ಶೀತಪೆಟ್ಟಿಗೆಯಿಂದ ಹೊರಗಿಟ್ಟರೆ ಈ ತೊಂದರೆಯಿಲ್ಲ. ಬ್ರೆಡ್ಡನ್ನು ಮಾತ್ರ ಶೀತಪೆಟ್ಟಿಗೆಯಲ್ಲಿ ಇಡದಿರುವುದೇ ಮೇಲು. ಅಲ್ಲಿ ಬೂಸಲು ಬರುವುದು ತಡವಾಗುತ್ತದೆ, ನಿಜ. ಆದರೆ ತಣ್ಣಗಿನಲ್ಲಿ ಬ್ರೆಡ್ಡಿನ ಪಿಷ್ಟ ಬೇಗ ಬಿರುಸಾಗಿ, ಎರಡು ದಿನದ ಬ್ರೆಡ್ಡು ನಾಲ್ಕು ದಿನದ್ದರಂತಾಗುತ್ತದೆ. ಒಂದು ತುಂಡಿನ ಮೇಲೆ ಬೂಸಲಿನ ಚುಕ್ಕೆ ಕಂಡರೆ ಆ ಚುಕ್ಕೆಯನ್ನಷ್ಟೇ ಕಿತ್ತು ತಿನ್ನುವ ಅಭ್ಯಾಸ ಒಳ್ಳೆಯದಲ್ಲ. ಬೂಸಲಿನ ಎಳೆಗಳು ಕಣ್ಣಿಗೆ ಕಾಣದೆ ಒಳಗೆ ಹರಡಿರುತ್ತವೆ.

ಹೆಚ್ಚುವ ಮೊದಲು ಸೌತೆಕಾಯಿಯ ತೊಟ್ಟಿನ ಕಡೆಯ ತುದಿಯನ್ನು ಕೊಯ್ದು ಒಂದು ಚೂರು ರುಚಿ ನೋಡುವುದು ಹಿರಿಯರ ವಾಡಿಕೆ. ಕಹಿ ಹೆಚ್ಚಾಗಿ ನಿಲ್ಲುವುದು ಆ ತುದಿಯಲ್ಲಿಯೂ ಸಿಪ್ಪೆಯ ಅಡಿಯಲ್ಲಿಯೂ ಆದುದರಿಂದ ಈ ವಾಡಿಕೆಗೆ ಅರ್ಥವಿದೆ. ಕಾಯಿ ಒಳಗೂ ಕಹಿಯಾಗಿದ್ದರೆ ಅದನ್ನು ಬಿಟ್ಟುಬಿಡಬೇಕು. ಒಂದು ಕಹಿ ಬಿಲ್ಲೆ ಇಡೀ ತಿನಿಸನ್ನು ಕೆಡಿಸುತ್ತದೆ. ಈಳಿಗೆಮಣೆಯ ಮುಂದೆ ಕುಳಿತು ಅಜ್ಜಿಯಂದಿರು ಹೆಚ್ಚುತ್ತಿದ್ದಷ್ಟು ತೆಳ್ಳಗಿನ ಬಿಲ್ಲೆ ಹುಡುಗನ ಚಾಕುವಿಗೆ ಬರಲಾರದು, ಬರದಿದ್ದರೂ ಚಿಂತೆಯಿಲ್ಲ. ಕಾಯಿಯನ್ನು ಹಿಡಿದ ಎಡಗೈಯ ಬೆರಳ ತುದಿಗಳು ಒಳಕ್ಕೆ ಮಡಿಸಿಕೊಂಡಿರಬೇಕು. ಚಾಕುವಿಗೆ ಎದುರಾಗಿರುವುದು ಬೆರಳ ಗೆಣ್ಣು. ಮೊಂಡು ಚಾಕು ಹರಿತವಾದದ್ದಕ್ಕಿಂತ ಅಪಾಯಕಾರಿ. ಅದನ್ನು ಒತ್ತಿ ಹಿಡಿಯಬೇಕಾಗುತ್ತದೆ, ಒತ್ತಿದ ಚಾಕು ಟೊಮ್ಯಾಟೊವಿನ ನುಣುಪಾದ ಸಿಪ್ಪೆಯ ಮೇಲೆ ಜಾರಿ ಬೆರಳಿಗೆ ಬರುತ್ತದೆ. ಈರುಳ್ಳಿಯ ಬಿಲ್ಲೆಗಳನ್ನು ತಣ್ಣೀರಿನಲ್ಲಿ ಐದು ನಿಮಿಷ ಬಿಟ್ಟರೆ ಘಾಟು ಇಳಿಯುತ್ತದೆ. ತಂಗಿ ಆಗ ಮುಖ ಸಿಂಡರಿಸದೆ ತಿನ್ನುತ್ತಾಳೆ.

ಇನ್ನು ಜೋಡಣೆ. ಬೆಣ್ಣೆ ಸವರಿದ ಒಂದು ತುಂಡಿನ ಮೇಲೆ ಚಟ್ನಿ. ಅದರ ಮೇಲೆ ಒಂದರ ಅಂಚನ್ನೊಂದು ಮುಚ್ಚುವಂತೆ ಸೌತೆಕಾಯಿಯ ಬಿಲ್ಲೆಗಳು, ಮನೆಯ ಹೆಂಚು ಹೊದಿಸಿದ ಹಾಗೆ. ಅತಿ ಹೆಚ್ಚು ರಸ ಬಿಡುವ ಟೊಮ್ಯಾಟೊ ಬ್ರೆಡ್ಡಿಗೆ ತಾಗದಂತೆ ನಡುವೆ. ಮೇಲೆ ಈರುಳ್ಳಿ, ಮತ್ತೆ ಸೌತೆಕಾಯಿ. ಉಪ್ಪು, ಮೆಣಸಿನ ಪುಡಿಗಳನ್ನು ಉದುರಿಸುವುದು ಎಲ್ಲಕ್ಕೂ ಕೊನೆಗೆ, ಮುಚ್ಚುವ ಗಳಿಗೆಯಲ್ಲಿ. ಉಪ್ಪು ತಗುಲಿದ ಕೂಡಲೇ ತರಕಾರಿಯ ಜೀವಕೋಶಗಳೊಳಗಿನ ನೀರು ಹೊರಕ್ಕೆ ಹರಿಯತೊಡಗುತ್ತದೆ. ವಿಜ್ಞಾನದ ಪಾಠಗಳಲ್ಲಿ ಅಭಿಸರಣೆ ಎಂದು ಬರುವ ಕ್ರಿಯೆ ಇದೇ. ಆ ಹೆಸರನ್ನು ಕೇಳದ ಗೃಹಿಣಿಯರೂ ಕೋಸಂಬರಿಗೆ ಉಪ್ಪನ್ನು ಬಡಿಸುವ ಮುಂಚೆ ಮಾತ್ರ ಬೆರೆಸುತ್ತ ಬಂದಿದ್ದಾರೆ. ಮೊದಲೇ ಹಾಕಿದರೆ ಬೇಳೆ ನೀರಿನಲ್ಲಿ ತೇಲುವುದನ್ನು ಅವರು ಕಣ್ಣಾರೆ ಕಂಡವರು.

ಎರಡನೆಯ ತುಂಡನ್ನು ಮುಚ್ಚಿ, ಅಂಗೈಯಿಂದ ಮೆಲ್ಲನೆ ಒತ್ತಿ, ಮೂಲೆಯಿಂದ ಮೂಲೆಗೆ ಕೊಯ್ದರೆ ಎರಡು ತ್ರಿಕೋನಗಳು. ಚಾಕುವನ್ನು ಗರಗಸದಂತೆ ಹಿಂದಕ್ಕೂ ಮುಂದಕ್ಕೂ ಎಳೆಯಬೇಕು. ಮೇಲಿನಿಂದ ಅದುಮಿದರೆ ಒಳಗಿನದೆಲ್ಲ ಪಕ್ಕಕ್ಕೆ ಜಾರಿಹೋಗುತ್ತದೆ. ಅಂದಕ್ಕಾಗಿ ಕಂದು ಅಂಚುಗಳನ್ನು ಕತ್ತರಿಸಿ ಎಸೆಯುವ ಪದ್ಧತಿಯೊಂದಿದೆ. ಒಪ್ಪೊತ್ತಿನ ಊಟಕ್ಕೆ ಪರದಾಡುವವರಿರುವ ನಾಡಿನಲ್ಲಿ ಅದನ್ನು ಅನುಸರಿಸಬೇಕಾದ ಕಾರಣ ತೋರದು.

ಹೀಗೆ ಮಾಡಿದ ತಿನಿಸು ಕಾಯುವ ಜಾತಿಯದಲ್ಲ. ಹೆಚ್ಚಿದ ತರಕಾರಿ, ರುಬ್ಬಿದ ಹಸಿ ಚಟ್ನಿ ಇವು ಸೆಕೆಯಲ್ಲಿ ಬೇಗ ಕೆಡುತ್ತವೆ. ಎರಡು ಗಂಟೆಯೊಳಗೆ ತಿಂದು ಮುಗಿಸುವುದು ಲೇಸು. ಬೆಳಿಗ್ಗೆ ಒಂಬತ್ತಕ್ಕೆ ಡಬ್ಬಿಗೆ ಹಾಕಿದ್ದು ಹನ್ನೊಂದರ ಬಿಡುವಿಗೆ ಸರಿಹೋಗಬಹುದು, ಮಧ್ಯಾಹ್ನದ ಊಟಕ್ಕಲ್ಲ. ರಾಯಚೂರು, ಕಲಬುರಗಿಗಳ ಬೇಸಿಗೆಯಲ್ಲಾದರೆ ಹನ್ನೊಂದರ ಮಾತನ್ನೂ ಆಡುವಂತಿಲ್ಲ.

ಆದುದರಿಂದ ಹುಡುಗನು ತನಗೆ ಎರಡು, ತಂಗಿಗೆ ಒಂದು ಮಾತ್ರ ಮಾಡಿ, ತಾಯಿಯ ಪಾಲನ್ನು ಮಾಡದೆಯೇ ಇಡುತ್ತಾನೆ. ಚಟ್ನಿ ಮುಚ್ಚಳವಿರುವ ಬಟ್ಟಲಿನಲ್ಲಿ ಶೀತಪೆಟ್ಟಿಗೆಗೆ ಹೋಗುತ್ತದೆ. ಎರಡನೆಯ ಸೌತೆಕಾಯಿಗೆ ಇನ್ನೂ ಚಾಕು ತಾಗಿಲ್ಲ. ಬ್ರೆಡ್ಡಿನ ಪೊಟ್ಟಣದ ಬಾಯನ್ನು ಮಡಿಸಿ, ಹಲಗೆಯನ್ನೂ ಚಾಕುವನ್ನೂ ಸೋಪು ಹಾಕಿ ತೊಳೆದು ಗೋಡೆಗೆ ಒರಗಿಸಿಟ್ಟಾಗ ಗಂಟೆ ಐದೂಕಾಲು. ಆರೂವರೆಗೆ ಗೇಟಿನ ಸದ್ದಾಗುತ್ತದೆ. ತಾಯಿ ಚಪ್ಪಲಿ ಬಿಟ್ಟು ಅಡುಗೆಮನೆಯ ಕಡೆಗೆ ಹೆಜ್ಜೆಯಿಡುವಷ್ಟರಲ್ಲಿ ತಂಗಿ ಕುರ್ಚಿಯನ್ನೆಳೆದು ಅವಳನ್ನು ಕೂರಿಸುತ್ತಾಳೆ. ಬಚ್ಚಲಿನಲ್ಲಿ ನಲ್ಲಿ ತಿರುಗಿಸಿದ ಶಬ್ದ ಕೇಳಿಸುತ್ತದೆ; ಹುಡುಗನು ಮತ್ತೊಮ್ಮೆ ಕೈ ತೊಳೆಯುತ್ತಿದ್ದಾನೆ.